ಆತ್ಮಕಥೆಯ ನಗೆ ಮತ್ತು ಚಲನಚಿತ್ರದ ಜಯಘೋಷ

ಸತ್ಯವ್ರತವು ಸ್ಥಿರವಾಗಿ ನಿಲ್ಲಬೇಕಾದರೆ ಯಾವ ಭಾವನೆಗಳನ್ನು ರೂಢಿಸಿಕೊಳ್ಳಬೇಕು ಎಂಬುದನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವಿವರಿಸಿದ್ದಾರೆ. ಕ್ರೋಧದ ತ್ಯಾಗ, ಲೋಭದ ತ್ಯಾಗ, ಭಯದ ತ್ಯಾಗ, ವಿಚಾರಪೂರ್ವಕವಾದ ಮಾತು ಎಂಬ ನಾಲ್ಕನ್ನು ಯಾರೂ ಸುಲಭವಾಗಿ ಒಪ್ಪುತ್ತಾರೆ. ಐದನೆಯದು ಮಾತ್ರ ಓದುಗನನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತದೆ. ಅದು ಹಾಸ್ಯದ ತ್ಯಾಗ. ಸಿಟ್ಟಿನಲ್ಲಿ, ಆಸೆಯಲ್ಲಿ, ಅಂಜಿಕೆಯಲ್ಲಿ ಮನುಷ್ಯನು ಸುಳ್ಳಾಡುವುದು ಸರಿಯೇ. ಆದರೆ ನಗೆಯಿಂದ ಸತ್ಯಕ್ಕೆ ಏನು ಬಾಧೆ? ಪೇಟೆಯ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತು ಐದನೆಯವನ ಕಥೆ ಹೇಳುವುದನ್ನು ಕೇಳಿದವರಿಗೆ ಇದರ ಉತ್ತರ ಗೊತ್ತಿದೆ. ನಗಿಸುವ ಭರದಲ್ಲಿ ಇಲ್ಲದ್ದು ಸೇರುತ್ತದೆ, ಇದ್ದದ್ದು ತಿರುಚುತ್ತದೆ, ಇಲ್ಲದವನ ಮಾನ ಹೋಗುತ್ತದೆ.

ಹಾಗಾದರೆ ಒಬ್ಬನು ತನ್ನ ಬದುಕಿನ ಕಥೆಯನ್ನೇ ನಗುನಗುತ್ತ ಹೇಳಿಕೊಂಡರೆ ಅದನ್ನು ಹೇಗೆ ತೂಗಬೇಕು? ಅದೇ ಕಥೆಯನ್ನು ಬೇರೊಬ್ಬರು ಚಲನಚಿತ್ರವಾಗಿ ಮಾಡಿದಾಗ ಆ ನಗೆ ಎಲ್ಲಿಗೆ ಹೋಗುತ್ತದೆ? ಕನ್ನಡ ನಾಡಿನ ಒಬ್ಬ ಉದ್ಯಮಿಯ ಆತ್ಮಕಥೆ ಮತ್ತು ಅದರಿಂದ ಹುಟ್ಟಿದ ಚಿತ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬಹುದು. ವ್ಯಾಪಾರವನ್ನೇ ವೃತ್ತಿಯಾಗಿ ಮಾಡಿಕೊಂಡ ಕುಟುಂಬಗಳಿಗೂ, ಹಿರಿಯರ ಚರಿತ್ರೆಯನ್ನು ಅಚ್ಚು ಹಾಕಿಸುವ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇದು ದೂರದ ಪ್ರಶ್ನೆಯಲ್ಲ.

ಪುಸ್ತಕ ಮತ್ತು ಚಿತ್ರ

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’ ಇಂಗ್ಲಿಷಿನಲ್ಲಿ 2009ರಲ್ಲಿ ಪ್ರಕಟವಾಯಿತು. ಇದನ್ನು ಆಧರಿಸಿ ಸುಧಾ ಕೊಂಗರ ಅವರು ನಿರ್ದೇಶಿಸಿದ ತಮಿಳು ಚಿತ್ರ ‘ಸೂರರೈ ಪೋಟ್ರು’ 2020ರ ನವೆಂಬರ್ 12ರಂದು ಅಮೆಜಾನ್ ಪ್ರೈಮ್ ಮೂಲಕ ಬಿಡುಗಡೆಯಾಯಿತು. ಅದು ಸಾಂಕ್ರಾಮಿಕ ರೋಗದಿಂದ ಚಿತ್ರಮಂದಿರಗಳು ಸೊರಗಿದ್ದ ಕಾಲ. ಹೀಗಾಗಿ ಚಿತ್ರ ನೇರವಾಗಿ ಮನೆಗಳನ್ನು ಪ್ರವೇಶಿಸಿತು. ಅರವತ್ತೆಂಟನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರವೂ ಸೇರಿ ಐದು ಪ್ರಶಸ್ತಿಗಳು ಇದಕ್ಕೆ ಸಂದವು. ನಾಯಕ ಸೂರ್ಯ, ನಾಯಕಿ ಅಪರ್ಣಾ ಬಾಲಮುರಳಿ ಇಬ್ಬರೂ ಪುರಸ್ಕೃತರಾದರು. 2024ರ ಜುಲೈನಲ್ಲಿ ಅದೇ ನಿರ್ದೇಶಕಿ ಇದನ್ನು ಹಿಂದಿಯಲ್ಲಿ ‘ಸರ್ಫಿರಾ’ ಎಂಬ ಹೆಸರಿನಿಂದ ಮತ್ತೆ ತೆರೆಗೆ ತಂದರು.

ಮೂಲ ಕಥೆಯ ನಾಯಕ ಹಾಸನ ಜಿಲ್ಲೆಯ ಗೊರೂರಿನ ಶಾಲಾ ಮಾಸ್ತರರೊಬ್ಬರ ಮಗ. ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಕುಳಿತಾಗ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದುದರಿಂದ ಆ ಹುಡುಗ ಅನುತ್ತೀರ್ಣನಾದ. ಬಳಿಕ ಕನ್ನಡದಲ್ಲಿ ಬರೆಯುವ ಅವಕಾಶ ದೊರೆತು ವಿಜಯಪುರದ ಸೈನಿಕ ಶಾಲೆಯನ್ನು ಸೇರಿದ. ಭೂಸೇನೆಯ ಅಧಿಕಾರಿಯಾಗಿ 1971ರ ಯುದ್ಧವನ್ನು ಕಂಡು, ಇಪ್ಪತ್ತೆಂಟರ ಹರೆಯದಲ್ಲಿಯೇ ಸೇವೆಗೆ ರಾಜೀನಾಮೆ ಕೊಟ್ಟು ಊರಿಗೆ ಮರಳಿದ. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಬಂದ ಬರಡು ಭೂಮಿಯಲ್ಲಿ ಡೇರೆ ಹಾಕಿಕೊಂಡು ಒಕ್ಕಲುತನ ಹೂಡಿದ. ಹೈನುಗಾರಿಕೆ, ಕೋಳಿ ಸಾಕಣೆ, ರೇಷ್ಮೆ, ಮೋಟಾರ್ ಸೈಕಲ್ಲುಗಳ ಮಾರಾಟ, ಉಪಾಹಾರ ಗೃಹ ಹೀಗೆ ಒಂದರ ಮೇಲೊಂದು ಉದ್ಯೋಗ. 1994ರ ವಿಧಾನಸಭಾ ಚುನಾವಣೆಯಲ್ಲಿ ಸ್ಪರ್ಧೆ ಮತ್ತು ಸೋಲು. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ. 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆ. 2003ರಲ್ಲಿ ಕಡಿಮೆ ದರದ ವಿಮಾನಯಾನ ‘ಏರ್ ಡೆಕ್ಕನ್’. ಅದರ ಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗವೂ ಒಂದು ಎಂಬುದು ಉತ್ತರ ಕರ್ನಾಟಕದವರಿಗೆ ನೆನಪಿರುವ ಸಂಗತಿ.

ಚಿತ್ರದಲ್ಲಿ ಗೊರೂರು ಮದುರೈ ಸಮೀಪದ ಶೋಳವಂದಾನ್ ಆಗಿದೆ. ಭೂಸೇನೆ ವಾಯುಸೇನೆಯಾಗಿದೆ. ಗೋಪಿನಾಥರು ನೆಡುಮಾರನ್ ರಾಜಾಂಗಂ ಆಗಿದ್ದಾರೆ. ಬೇಸಾಯದ ವರ್ಷಗಳು ಹೆಚ್ಚುಕಡಿಮೆ ಮರೆಯಾಗಿವೆ. ಇವು ದೋಷಗಳಲ್ಲ. ಕಥೆಯನ್ನು ಒಂದು ನೆಲದಿಂದ ಕಿತ್ತು ಇನ್ನೊಂದರಲ್ಲಿ ನೆಡುವಾಗ ಬೇರಿನ ಮಣ್ಣು ಉದುರುವುದು ಸಹಜ. ಚಿತ್ರವು ತನ್ನನ್ನು ಕಲ್ಪನೆ ಬೆರೆತ ಕಥೆಯೆಂದೇ ಮುಂದಿಟ್ಟಿದೆ. ಗೋಪಿನಾಥರು ತಾವೇ ಅದನ್ನು ನೋಡಿ, ಕಲ್ಪನೆ ಬಹಳ ಬೆರೆತಿದ್ದರೂ ತಮ್ಮ ಪುಸ್ತಕದ ಸಾರ ಉಳಿದಿದೆಯೆಂದು ಬಹಿರಂಗವಾಗಿ ಮೆಚ್ಚಿದ್ದಾರೆ. ಆದುದರಿಂದ ಇದನ್ನು ಸತ್ಯಾಣುವ್ರತದ ಅತಿಚಾರಗಳಲ್ಲೊಂದಾದ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಎಂದು ಕರೆಯುವುದು ಅನ್ಯಾಯವಾದೀತು. ವಿಚಾರಿಸಬೇಕಾದ ಬದಲಾವಣೆ ಬೇರೆಯೇ ಇದೆ.

ನಗೆ ಎಲ್ಲಿದೆ

ಚಿತ್ರದ ಉತ್ತಮ ಭಾಗವೆಂದರೆ ಅದರ ಸಂಸಾರದ ಹಾಸ್ಯ. ಹೆಣ್ಣು ನೋಡುವ ಶಾಸ್ತ್ರ ಇಲ್ಲಿ ತಲೆಕೆಳಗಾಗಿ, ಬೊಮ್ಮಿ ಎಂಬ ಕನ್ಯೆಯೇ ಗಂಡು ನೋಡಲು ಬರುತ್ತಾಳೆ. ಆಕೆಗೆ ಬೇಕರಿ ತೆರೆಯುವ ಹಂಬಲ, ಅವನಿಗೆ ವಿಮಾನ ಹಾರಿಸುವ ಹುಚ್ಚು. ಇಬ್ಬರೂ ಹಲವು ಸಂಬಂಧಗಳಿಂದ ತಿರಸ್ಕೃತರಾದವರು. ಅವರ ಮಾತುಕತೆಯಲ್ಲಿ ಯಾರ ಮಾನವೂ ಹೋಗದೆ ನಗೆ ಹುಟ್ಟುತ್ತದೆ. ಗಂಡ ಕೈ ಬರಿದಾಗಿ ಕುಳಿತಾಗ ಹೆಂಡತಿಯ ಬೇಕರಿಯ ಗಳಿಕೆ ಮನೆಯನ್ನು ನಡೆಸುತ್ತದೆ. ಸಾಲ ಕೇಳುವಾಗ ಅವನ ಮುಖದಲ್ಲಿ ಮೂಡುವ ಸಂಕೋಚ, ಅದನ್ನು ಕಂಡು ಆಕೆ ಆಡುವ ಮಾತು, ಇವುಗಳನ್ನು ವ್ಯಾಪಾರದ ಮನೆಯಲ್ಲಿ ಬೆಳೆದ ಯಾರೂ ಗುರುತಿಸಬಲ್ಲರು. ತಾಯಿಯ ಪಾತ್ರದ ಊರ್ವಶಿಯವರ ಅಭಿನಯ ಮರೆಯುವಂಥದಲ್ಲ. ಅರ್ಜಿ ಬರೆದು ಶಾಂತಿಯಿಂದ ಕೇಳಬೇಕೆನ್ನುವ ತಂದೆ, ಬೀದಿಗಿಳಿದು ಹೋರಾಡಬೇಕೆನ್ನುವ ಮಗ, ಇವರಿಬ್ಬರ ಘರ್ಷಣೆಯೂ ಗಂಭೀರವಾಗಿ ಮೂಡಿದೆ.

ಆದರೆ ಕಥೆ ಮನೆಯಿಂದ ಉದ್ಯಮಕ್ಕೆ ಕಾಲಿಟ್ಟ ಕೂಡಲೆ ನಗೆ ನಿಂತುಹೋಗುತ್ತದೆ. ಅಲ್ಲಿ ಪರೇಶ್ ಗೋಸ್ವಾಮಿ ಎಂಬ ಸಿರಿವಂತ ವಿಮಾನೋದ್ಯಮಿ ಕಾಣಿಸಿಕೊಳ್ಳುತ್ತಾನೆ. ಬಡವರು ವಿಮಾನದಲ್ಲಿ ತನ್ನ ಪಕ್ಕ ಕೂಡ್ರುವುದನ್ನು ಸಹಿಸದ ಮನುಷ್ಯ ಅವನು. ಪರವಾನಿಗೆ ತಡೆಯುವವನು ಅವನೇ, ಹಣ ಕೊಡಲು ಬಂದವರನ್ನು ಹಿಂದೆಳೆಯುವವನೂ ಅವನೇ. ನಾಯಕನಿಗೆ ಒದಗುವ ವಿಘ್ನಗಳು ಬಹುಮಟ್ಟಿಗೆ ಈ ಒಬ್ಬನ ಸಂಚಿನಿಂದಲೇ ಬರುತ್ತವೆ. ನಾಯಕನು ಸಿಟ್ಟಾಗುತ್ತಾನೆ, ಅಳುತ್ತಾನೆ, ಹಟ ಹಿಡಿಯುತ್ತಾನೆ. ವ್ಯವಹಾರದಲ್ಲಿ ತಪ್ಪುವುದು ಮಾತ್ರ ಬಲು ಅಪರೂಪ.

ಪುಸ್ತಕದ ಗೋಪಿನಾಥರು ಎಡವುತ್ತಲೇ ನಡೆದವರು. ಒಂದು ಉದ್ಯೋಗ ಕೈಗೂಡದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು. ಹೊಸ ವಿಮಾನ ಸಂಸ್ಥೆಯ ಉದ್ಘಾಟನೆಗೆಂದು ಗಣ್ಯರನ್ನು ಕೂಡ್ರಿಸಿಕೊಂಡು ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಡಬೇಕಿದ್ದ ವಿಮಾನದ ಎಂಜಿನ್ನಿಗೆ ನೆಲದ ಮೇಲೆಯೇ ಬೆಂಕಿ ಹತ್ತಿತು. ಯಾವ ಶತ್ರುವೂ ಬೇಕಾಗಿರಲಿಲ್ಲ. ಕಡಿಮೆ ದರಕ್ಕೆ ಜನ ಮುಗಿಬಿದ್ದರು. ಕೆಲವು ಟಿಕೆಟ್ಟುಗಳ ಮೂಲ ದರ ಒಂದೇ ರೂಪಾಯಿ ಇತ್ತು. ಅದರ ಹಿಂದೆಯೇ ವಿಳಂಬ, ಪ್ರಯಾಣಿಕರ ಸಿಟ್ಟು, ಏರುವ ನಷ್ಟ ಬಂದವು. ಸಂಸ್ಥೆ ತನ್ನ ಗುರುತಾಗಿ ಇಟ್ಟುಕೊಂಡದ್ದು ಆರ್. ಕೆ. ಲಕ್ಷ್ಮಣ್ ಅವರ ‘ಸಾಮಾನ್ಯ ಮನುಷ್ಯ’ನ ವ್ಯಂಗ್ಯಚಿತ್ರವನ್ನು. ಚೌಕಳಿಯ ಕೋಟು, ಧೋತರ ತೊಟ್ಟ ಆ ಮುದುಕನು ತನ್ನ ಪಾಡಿಗೆ ತಾನು ನಗಬಲ್ಲವನು ಎಂಬುದೇ ಅವನ ಮಹಿಮೆ. ಗೊರೂರು ಎಂದರೆ ಹಳ್ಳಿಯ ಜನರ ಮರುಳುತನವನ್ನೂ ಔದಾರ್ಯವನ್ನೂ ಒಂದೇ ನಗೆಯಲ್ಲಿ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಕೂಡ ಹೌದು. ಆ ಊರಿನಿಂದ ಬಂದ ಕಥೆಯೊಂದು ತೆರೆಯ ಮೇಲೆ ಉದ್ಯಮದ ಭಾಗದಲ್ಲಿ ಇಷ್ಟು ಬಿಗಿಮುಖವಾದುದು ವಿಷಾದದ ಸಂಗತಿ.

ಉಪಾದಾನ ಮತ್ತು ನಿಮಿತ್ತ

ಈ ಬದಲಾವಣೆ ಏಕೆ ಚಿಂತನೀಯ? ಕಾರ್ಯವೊಂದು ಆಗುವುದಕ್ಕೆ ಉಪಾದಾನ, ನಿಮಿತ್ತ ಎಂದು ಎರಡು ಕಾರಣಗಳನ್ನು ಶಾಸ್ತ್ರವು ಹೇಳುತ್ತದೆ. ಬೀಜದಲ್ಲಿ ಮೊಳೆಯುವ ಶಕ್ತಿ ಉಪಾದಾನ, ಮಳೆ ನಿಮಿತ್ತ. ಹುಳ ಕೊರೆದ ಜೋಳಕ್ಕೆ ಎಷ್ಟು ಮಳೆ ಬಿದ್ದರೂ ಮೊಳಕೆಯಿಲ್ಲ. ವ್ಯಾಪಾರದಲ್ಲಿ ನಷ್ಟವಾದಾಗ ಮನುಷ್ಯನ ಮೊದಲ ಪ್ರವೃತ್ತಿ ನಿಮಿತ್ತವನ್ನು ಹುಡುಕುವುದು. ದಲಾಲಿ ಮೋಸ ಮಾಡಿದ, ಪಾಲುದಾರ ಕೈಕೊಟ್ಟ, ಸರಕಾರ ನಿಯಮ ಬದಲಿಸಿತು. ಇವುಗಳಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಲೆಕ್ಕ ಅಲ್ಲಿಗೇ ಮುಗಿದರೆ ಮುಂದಿನ ವರ್ಷವೂ ಅದೇ ನಷ್ಟ ಕಾದಿರುತ್ತದೆ. ಚಿತ್ರವು ನಾಯಕನ ಕಷ್ಟಗಳನ್ನೆಲ್ಲ ನಿಮಿತ್ತದ ಖಾತೆಗೆ ಬರೆದು, ಆ ನಿಮಿತ್ತಕ್ಕೆ ಒಂದು ದುಷ್ಟ ಮುಖವನ್ನೂ ಕೊಟ್ಟಿದೆ. ಪ್ರೇಕ್ಷಕನು ನಾಯಕನ ಮೇಲೆ ಕನಿಕರಪಟ್ಟು, ಪ್ರತಿಸ್ಪರ್ಧಿಯನ್ನು ದ್ವೇಷಿಸಿ, ತನ್ನನ್ನು ಮಾತ್ರ ನೋಡಿಕೊಳ್ಳದೆ ಎದ್ದುಹೋಗುತ್ತಾನೆ.

ಈ ಉಪಾದಾನ-ನಿಮಿತ್ತಗಳ ಕುರಿತು ದೋಹೆಗಳನ್ನು ರಚಿಸಿದ ಪಂಡಿತ ಬನಾರಸೀದಾಸರೇ ಭಾರತೀಯ ಭಾಷೆಗಳ ಮೊದಮೊದಲಿನ ಆತ್ಮಕಥೆಯೊಂದನ್ನೂ ಬರೆದರು ಎಂಬುದು ಆಕಸ್ಮಿಕವಾಗಿರಲಾರದು. 1586ರಲ್ಲಿ ಜೌನಪುರದ ಶ್ರೀಮಾಲ ಜೈನ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದ ಅವರು 1641ರಲ್ಲಿ ಆಗ್ರಾದಲ್ಲಿ ‘ಅರ್ಧಕಥಾನಕ’ವನ್ನು ಮುಗಿಸಿದರು. ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದು ಎಣಿಸಿ, ತಮ್ಮ ಐವತ್ತೈದು ವರ್ಷಗಳ ಕಥೆಗೆ ಅರ್ಧವೆಂಬ ಹೆಸರನ್ನಿಟ್ಟರು. ಸುಮಾರು 675 ಪದ್ಯಗಳ ಈ ಕೃತಿಯಲ್ಲಿ ಅಕ್ಬರ ಮತ್ತು ಜಹಾಂಗೀರರ ಕಾಲದ ಪೇಟೆ, ಪ್ರಯಾಣ, ರತ್ನಪಡಿ ವ್ಯಾಪಾರ ಎಲ್ಲವೂ ಇವೆ. ಎಲ್ಲಕ್ಕೂ ಮಿಗಿಲಾಗಿ ತನ್ನನ್ನು ತಾನು ಕಂಡು ನಗುವ ಒಬ್ಬ ವ್ಯಾಪಾರಿ ಇದ್ದಾನೆ.

ತಂದೆ ನಂಬಿ ಕೊಟ್ಟ ಸರಕನ್ನು ಆಗ್ರಾಕ್ಕೆ ಒಯ್ದು, ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡ ರತ್ನಗಳನ್ನು ಕಳೆದುಕೊಂಡವರು ಬನಾರಸೀದಾಸರು. ಕೈಯಲ್ಲಿ ಕಾಸಿಲ್ಲದೆ ಒಬ್ಬ ಕಚೋರಿ ಮಾರುವವನಲ್ಲಿ ತಿಂಗಳುಗಟ್ಟಲೆ ಉದ್ರಿ ತಿಂದು, ಸಂಜೆಯ ಹೊತ್ತು ನಾಲ್ಕು ಜನರಿಗೆ ಪ್ರೇಮಕಥೆಗಳನ್ನು ಓದಿ ಹೇಳುತ್ತಿದ್ದರು. ಒಬ್ಬ ಸಂನ್ಯಾಸಿಯ ಮಾತು ನಂಬಿ, ದಿನಕ್ಕೊಂದು ದೀನಾರ ದೊರೆಯುವುದೆಂದು ವರ್ಷಪೂರ್ತಿ ಗುಟ್ಟಾಗಿ ಮಂತ್ರ ಜಪಿಸಿ ಮೋಸಹೋದರು. ಇನ್ನೊಬ್ಬನು ಕೊಟ್ಟ ಶಂಖವನ್ನು ಶಿವನೆಂದು ಪೂಜಿಸಿದರು. ಯೌವನದಲ್ಲಿ ಬರೆದ ಶೃಂಗಾರ ಕಾವ್ಯವನ್ನು ಗೋಮತಿಯಲ್ಲಿ ಎಸೆದುಬಿಟ್ಟರು. ಒಂಬತ್ತು ಮಕ್ಕಳನ್ನು ಕಳೆದುಕೊಂಡ ಶೋಕವನ್ನೂ ಅದೇ ಸಮಚಿತ್ತದಿಂದ ಬರೆದಿದ್ದಾರೆ. ಕೊನೆಗೆ ಕೀರ್ದಿಯ ಎರಡು ಬದಿಗಳಂತೆ ತಮ್ಮ ಗುಣಗಳನ್ನೊಂದು ಕಡೆ, ದೋಷಗಳನ್ನೊಂದು ಕಡೆ ಪಟ್ಟಿ ಮಾಡಿದ್ದಾರೆ. ಅಲ್ಲಿ ಮೋಸ ಮಾಡಿದವರಿದ್ದಾರೆ. ಖಳನಾಯಕ ಮಾತ್ರ ಇಲ್ಲ. ನಂಬಿದವನು ತಾನೇ, ಆಸೆಪಟ್ಟವನು ತಾನೇ ಎಂಬ ಒಪ್ಪಿಗೆ ಇದೆ.

ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯುತ್ತದೆ. ಸತ್ಯವ್ರತಿಯು ತ್ಯಜಿಸಬೇಕಾದ ಹಾಸ್ಯವೆಂದರೆ ಪರರನ್ನು ಕುಗ್ಗಿಸಿ, ಇದ್ದುದನ್ನು ತಿರುಚಿ ಹುಟ್ಟಿಸುವ ಹಾಸ್ಯ. ಅನರ್ಥದಂಡದ ಅತಿಚಾರಗಳಲ್ಲಿ ಅಶ್ಲೀಲ ಪರಿಹಾಸ, ಕೋಡಂಗಿತನ, ವಾಚಾಳಿತನಗಳನ್ನು ಹೇಳಿರುವುದೂ ಇದಕ್ಕೇ. ತನ್ನ ಮರುಳುತನವನ್ನು ಜನರ ಮುಂದೆ ಬಿಚ್ಚಿಟ್ಟು ನಗುವವನು ಸತ್ಯವನ್ನು ಮರೆಮಾಚುತ್ತಿಲ್ಲ. ಅಹಂಕಾರವು ಸತ್ಯಕ್ಕೆ ಒಡ್ಡುವ ತಡೆಯನ್ನು ಅವನು ತೆಗೆಯುತ್ತಿದ್ದಾನೆ. ಹಾಸ್ಯವು ನೋಕಷಾಯಗಳಲ್ಲಿ ಒಂದು ಎಂಬುದನ್ನು ಮರೆಯಬೇಕಾಗಿಲ್ಲ. ಆದರೂ ಗೃಹಸ್ಥನ ಮಟ್ಟಿಗೆ ಈ ಆತ್ಮಪರಿಹಾಸವು ಆಲೋಚನೆ, ಆತ್ಮನಿಂದೆಗಳ ನೆರೆಯಲ್ಲಿ ನಿಲ್ಲುವಂಥದು.

ನಕ್ಕರೆ ನಾಯಕನು ಕುಗ್ಗುವನೇ

ನಾಯಕನನ್ನು ನಗೆಗೆ ಗುರಿಮಾಡಿದರೆ ಅವನ ಹಿರಿಮೆ ಕುಗ್ಗುವುದೆಂಬ ಭಯ ನಿರಾಧಾರವಾದುದು. ಇದಕ್ಕೆ ನೆರೆಯ ಮರಾಠಿಯಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಪರೇಶ್ ಮೊಕಾಶಿಯವರ 2009ರ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ಯು ದಾದಾಸಾಹೇಬ ಫಾಳ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ಮಾಡಿದ ಬಗೆಯನ್ನು ಹೇಳುತ್ತದೆ. ಬಾಪು ವಾಟವೆಯವರ ಜೀವನಚರಿತ್ರೆ ಅದಕ್ಕೆ ಆಧಾರ. ಮನೆಯ ಸಾಮಾನು ಮಾರಿ ಸಿನೆಮಾ ಹುಚ್ಚು ಹಿಡಿಸಿಕೊಂಡ ಗಂಡ, ಅವನ ಬೆನ್ನಿಗೆ ನಿಂತ ಸರಸ್ವತಿಬಾಯಿ, ಸ್ತ್ರೀಪಾತ್ರಕ್ಕೆ ಹೆಂಗಸರು ಸಿಗದೆ ಗಂಡಸರ ಮೀಸೆ ಬೋಳಿಸುವ ಪಜೀತಿ, ಎಲ್ಲವನ್ನೂ ಆ ಚಿತ್ರ ನಗೆಯಲ್ಲಿಯೇ ನಡೆಸುತ್ತದೆ. ಖಳನೊಬ್ಬನನ್ನು ಅದು ಹುಡುಕಿಕೊಂಡು ಹೋಗಿಲ್ಲ. ಆದರೂ ನೋಡಿದವರಿಗೆ ಫಾಳ್ಕೆಯವರ ಮೇಲಿನ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ಭಾಗದ ಜನರಿಗೆ ಇದು ಹೊಸ ವಿಷಯವೂ ಅಲ್ಲ. ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕುಲಗೋಡದ ತಮ್ಮಣ್ಣನ ಕೈಯಲ್ಲಿ ಬೆಳೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತವು ಮಾಡುವುದಾದರೂ ಏನನ್ನು? ಒಂದು ಹೂವಿಗಾಗಿ ಮುನಿದ ಸತ್ಯಭಾಮೆಯ ಗರ್ವವನ್ನು ರಾತ್ರಿಯಿಡೀ ನಗೆಯಲ್ಲಿ ಕರಗಿಸುತ್ತದೆ. ದೇವರೆನಿಸಿದ ಕೃಷ್ಣನೂ ಆ ನಗೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಹಾಗೆಂದು ಬೆಳಗಿನ ಜಾವ ಮನೆಗೆ ಮರಳುವ ಪ್ರೇಕ್ಷಕರ ಭಕ್ತಿಗೆ ಊನ ಬಂದದ್ದಿಲ್ಲ.

ಅರ್ಧವನ್ನು ಪೂರ್ಣವೆನ್ನುವುದು

ಚಿತ್ರದ ಇನ್ನೊಂದು ಕೊರತೆಯನ್ನು ಹೇಳಲೇಬೇಕು. ಅದು ವಿಮಾನ ಹಾರಿದ ಸಂಭ್ರಮದಲ್ಲಿ, ಹಳ್ಳಿಯ ಮುದುಕ-ಮುದುಕಿಯರು ಮೊದಲ ಬಾರಿ ಆಕಾಶ ಕಂಡ ಆನಂದದಲ್ಲಿ ಮುಗಿಯುತ್ತದೆ. ಕಣ್ಣು ತುಂಬಿ ಬರುವ ದೃಶ್ಯ. ಆದರೆ ಕಥೆ ಅಲ್ಲಿ ಮುಗಿದಿರಲಿಲ್ಲ. ನಷ್ಟ ಹೆಚ್ಚಿ 2007ರಲ್ಲಿ ಏರ್ ಡೆಕ್ಕನ್ನಿನ ಶೇಕಡಾ 26ರಷ್ಟು ಪಾಲು ಕಿಂಗ್‌ಫಿಷರ್ ಸಂಸ್ಥೆಯ ಒಡೆಯರ ಸಮೂಹಕ್ಕೆ ಹೋಯಿತು. 2008ರಲ್ಲಿ ಎರಡೂ ಸಂಸ್ಥೆಗಳು ಒಂದಾದವು, ಹಳೆಯ ಹೆಸರು ಅಳಿಸಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳೂ ಹಾರಾಟ ನಿಲ್ಲಿಸಿದವು. ಸಾಮಾನ್ಯ ಮನುಷ್ಯನಿಗೆ ವಿಮಾನವನ್ನು ತೋರಿಸಿದ ಸಾಧನೆ ಉಳಿಯಿತು, ಸಂಸ್ಥೆ ಉಳಿಯಲಿಲ್ಲ. ಎರಡೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಒಂದು ನಯದ ದೃಷ್ಟಿಯಿಂದ ತಪ್ಪಲ್ಲ. ಆ ನಯವನ್ನೇ ಪ್ರಮಾಣವೆಂದುಕೊಳ್ಳುವುದು ತಪ್ಪು. ಬನಾರಸೀದಾಸರು ತಮ್ಮದು ಅರ್ಧವೆಂದು ಹೆಸರಿನಲ್ಲಿಯೇ ಒಪ್ಪಿಕೊಂಡರು. ಚಿತ್ರವು ಅರ್ಧವನ್ನು ತೋರಿಸಿ ಪೂರ್ಣದ ಜಯಘೋಷ ಮಾಡಿತು.

ಗೋಪಿನಾಥರ ಪುಸ್ತಕವೂ ಈ ತೂಕದಿಂದ ಹೊರತಲ್ಲ. ‘ಅರ್ಧಕಥಾನಕ’ದ ನಿಷ್ಠುರವಾದ ಆತ್ಮಪರೀಕ್ಷೆ ಅದರಲ್ಲಿಲ್ಲ. ತನ್ನ ಸಾಹಸದ ಬಗ್ಗೆ ಉದ್ಯಮಿಗೆ ಇರುವ ಸಹಜವಾದ ಹೆಮ್ಮೆ ಅಲ್ಲಲ್ಲಿ ಇಣುಕುತ್ತದೆ. ಆದರೂ ಸೋಲುಗಳನ್ನು ಮುಚ್ಚಿಡದೆ, ಸಂಸ್ಥೆಯನ್ನು ಕೈಬಿಡಬೇಕಾಗಿ ಬಂದ ಪ್ರಸಂಗವನ್ನೂ ಬಿಡದೆ ಹೇಳಿರುವುದರಿಂದ, ವ್ಯಾಪಾರಕ್ಕೆ ಕಾಲಿಡುವ ತರುಣರಿಗೆ ಚಿತ್ರಕ್ಕಿಂತ ಪುಸ್ತಕವೇ ಹೆಚ್ಚು ಉಪಯುಕ್ತ. ಚಿತ್ರವನ್ನು ನೋಡಬಾರದೆಂದಲ್ಲ. ಮನೆಮಂದಿಯೆಲ್ಲ ಕೂಡಿ ನೋಡಬಹುದಾದ, ದಂಪತಿಗಳ ಸಮಾನ ಗೌರವವನ್ನು ಹಾಸ್ಯದಲ್ಲಿ ಕಲಿಸುವ ಚಿತ್ರ ಅದು. ನೋಡಿದ ಮೇಲೆ ಪುಸ್ತಕವನ್ನೂ ಓದಬೇಕು.

ಸ್ಮರಣ ಸಂಚಿಕೆಗಳ ಮಾತು

ಇದೆಲ್ಲ ತೆರೆಯ ಮೇಲಿನ ಮಾತಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಗೆ ತಿರುಗಿದರೆ ಅದೇ ಚಿತ್ರ ಅಚ್ಚಿನ ರೂಪದಲ್ಲಿ ಕಾಣುತ್ತದೆ. ಅಡತಿ ಅಂಗಡಿಯಿಂದ, ಬೆಲ್ಲ-ಅರಳೆಯ ವ್ಯಾಪಾರದಿಂದ, ಬಟ್ಟೆಯ ಗಂಟಿನಿಂದ ಮೇಲೆ ಬಂದ ಹಿರಿಯರು ಎಪ್ಪತ್ತೈದು ತುಂಬಿದಾಗ ಅಭಿನಂದನ ಗ್ರಂಥ, ದಿವಂಗತರಾದಾಗ ಸ್ಮರಣ ಸಂಚಿಕೆ ಹೊರಬರುವುದು ವಾಡಿಕೆ. ಅವುಗಳ ಕ್ರಮ ಎಲ್ಲರಿಗೂ ತಿಳಿದದ್ದು. ಬಡತನದ ಬಾಲ್ಯ, ಪ್ರಾಮಾಣಿಕ ದುಡಿಮೆ, ಕೆಲವು ಮತ್ಸರಿಗಳ ಅಡ್ಡಿ, ಯಶಸ್ಸು, ದಾನಧರ್ಮ. ಮುಳುಗಿದ ಸಾಲ, ಮುರಿದ ಪಾಲುದಾರಿಕೆ, ದುಡುಕಿನಿಂದ ತುಂಬಿಟ್ಟು ಕೆಟ್ಟುಹೋದ ಮಾಲು, ಅಣ್ಣತಮ್ಮಂದಿರ ಮನಸ್ತಾಪ ಇವು ಯಾವ ಪುಟದಲ್ಲಿಯೂ ಇರುವುದಿಲ್ಲ. ಕೂಡಿ ದುಡಿದ ಗುಮಾಸ್ತರು, ಹಮಾಲರು, ಒಡವೆ ತೆಗೆದುಕೊಟ್ಟ ಹೆಂಡತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಂಥ ಸಂಸ್ಥೆಯ ಕಥೆಯನ್ನು ಒಬ್ಬನೇ ನಾಯಕನ ಕಥೆಯಾಗಿ ಬರೆಯಲಾಗದು. ಅಲ್ಲಿ ಬೆಳಕು ತಂದವರು ಸಾವಿರಾರು ಸದಸ್ಯರು. ನಿಜದಲ್ಲಿ ಒಂದು ಅಂಗಡಿಯ ಕಥೆಯೂ ಹಾಗೆಯೇ.

ಇಂಥ ಗ್ರಂಥಗಳನ್ನು ಓದುವ ಮೊಮ್ಮಗನಿಗೆ ಅಜ್ಜನು ಎಂದೂ ತಪ್ಪದ ಮನುಷ್ಯನಾಗಿ ಕಾಣುತ್ತಾನೆ. ಮುಂದೆ ತಾನು ತಪ್ಪಿದಾಗ, ಆ ಹುಡುಗನು ಅದನ್ನು ಮನೆಯಲ್ಲಿ ಹೇಳಲು ಹೆದರುತ್ತಾನೆ. ನಷ್ಟವನ್ನು ಮುಚ್ಚಲು ಮತ್ತೆ ಸಾಲ, ಸಾಲವನ್ನು ಮುಚ್ಚಲು ಸುಳ್ಳು. ಎಷ್ಟೋ ಮನೆತನಗಳು ನೆಲಕಚ್ಚಿದ್ದು ಮೊದಲ ನಷ್ಟದಿಂದಲ್ಲ, ಅದನ್ನು ಬಚ್ಚಿಟ್ಟುದರಿಂದ. ‘ಅಜ್ಜನೂ ಒಮ್ಮೆ ಹೀಗೆಯೇ ಮೋಸಹೋಗಿ, ನಾಲ್ಕು ತಿಂಗಳು ಉದ್ರಿಯಲ್ಲಿ ಉಂಡಿದ್ದ’ ಎಂಬ ಒಂದು ನಗೆಯ ಪ್ರಸಂಗವು ಆ ಹುಡುಗನ ಬಾಯಿ ಬಿಡಿಸಬಲ್ಲದು. ಹೊಗಳಿಕೆಯ ನೂರು ಪುಟಗಳಿಗೆ ಆ ಶಕ್ತಿಯಿಲ್ಲ.

ಆದುದರಿಂದ ಶ್ರಾವಕ ಕುಟುಂಬಗಳೂ ವಿಶ್ವಸ್ತ ಮಂಡಳಿಗಳೂ ಹಿರಿಯರ ಚರಿತ್ರೆಯನ್ನು ಬರೆಯಿಸುವಾಗ ಎರಡು ನಿಯಮಗಳನ್ನು ಇಟ್ಟುಕೊಳ್ಳುವುದು ಲೇಸು. ಮೊದಲನೆಯದಾಗಿ, ಹಿರಿಯರು ಬದುಕಿರುವಾಗಲೇ ಅವರ ಬಾಯಿಂದ ಅವರ ತಪ್ಪುಗಳನ್ನೂ ಕೇಳಿ ಬರೆದುಕೊಳ್ಳಬೇಕು. ಬಹಳ ಜನ ಹಿರಿಯರು ಅದನ್ನು ನಗುತ್ತಲೇ ಹೇಳುತ್ತಾರೆ. ಎರಡನೆಯದಾಗಿ, ಅವರ ಕಷ್ಟಗಳಿಗೆ ಕಾರಣರೆಂದು ಇನ್ನೊಬ್ಬರ ಹೆಸರನ್ನು ಅಚ್ಚು ಹಾಕಿಸಬಾರದು. ಆ ಇನ್ನೊಬ್ಬರ ಮೊಮ್ಮಕ್ಕಳೂ ಅದೇ ಪೇಟೆಯಲ್ಲಿ, ಅದೇ ಬಸದಿಯಲ್ಲಿ ಇದ್ದಾರೆ. ಜಮೆಯ ಬದಿ ಮಾತ್ರ ಬರೆದ ಕೀರ್ದಿಯನ್ನು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಬದುಕಿನ ಲೆಕ್ಕವನ್ನು ಬರೆಯುವಾಗಲೂ ಅಷ್ಟೇ ಎಚ್ಚರ ಇರಬೇಕು.